ಅಂಕಿಯ ಉಡುಪು, ಸಂಖ್ಯೆಯ ಮೈ

ಕಂಬಂ ಕಡೆಯ ಒಬ್ಬ ತಾಯಿಯವರು ಕಳೆದ ತಿಂಗಳು ನಮಗೊಂದು ಕಾಗದ ಬರೆದಿದ್ದಾರೆ. ಅವರ ಮಗಳು ಶಾಲೆಯಿಂದ ಬಂದವಳೇ, "ಅವ್ವಾ, ಕಂಪ್ಯೂಟರಿನಲ್ಲಿ 10 ಅಂದರೆ ಹತ್ತಲ್ಲ, ಎರಡು" ಎಂದಳಂತೆ. "ಒಂದರ ಮುಂದೆ ಸೊನ್ನೆ ಇಟ್ಟರೆ ಹತ್ತು ಎಂದು ನಾವೇ ಕೈಹಿಡಿದು ತಿದ್ದಿಸಿದ ಮಗುವಿಗೆ ಈಗ ಹತ್ತೇ ಹತ್ತಲ್ಲವೆಂದು ಹೇಳಿದರೆ, ಮನೆಯಲ್ಲಿ ನಾವು ಏನೆಂದು ಹೇಳಿಕೊಡುವುದು?" ಎಂಬುದು ಆ ತಾಯಿಯವರ ಪ್ರಶ್ನೆ. ಪ್ರಶ್ನೆ ಉಚಿತವಾದುದೇ. ಇದಕ್ಕೆ ಉತ್ತರ ಹೇಳುವುದು ಕಷ್ಟವೇನೂ ಅಲ್ಲ. ಆದರೆ ಕಾಗದವನ್ನು ಓದುತ್ತಿದ್ದಂತೆ ನಮಗೊಂದು ಹಳೆಯ ಸಾಲ ನೆನಪಾಯಿತು. ಅದನ್ನು ಮೊದಲು ಒಪ್ಪಿಸಿ ಆಮೇಲೆ ಉತ್ತರಕ್ಕೆ ಬರುತ್ತೇವೆ.

ಶಿಕ್ಷಕರ ತರಬೇತಿಯನ್ನು ಮುಗಿಸಿ, ಚಿನ್ನಮನೂರಿನ ಸಮೀಪದ ಒಂದು ಹಳ್ಳಿಯ ಶಾಲೆಗೆ ನಾವು ಹೊಸದಾಗಿ ಬಂದಿದ್ದ ಕಾಲವದು. 1990ರ ದಶಕದ ನಡುಭಾಗ. ಪಾಠವೆಲ್ಲ ತಮಿಳಿನಲ್ಲಿ, ಮಕ್ಕಳಲ್ಲಿ ಹಲವರ ಮನೆಮಾತು ಕನ್ನಡ. ಒಂದು ದಿನ ಐದನೆಯ ತರಗತಿಗೆ ದಶಮಾಂಶದ ಭಾಗಾಕಾರವನ್ನು ಕಲಿಸಿ, ಒಂದು ಲೆಕ್ಕ ಕೊಟ್ಟೆವು: ಏಳು ರೂಪಾಯಿಗೆ ಎಂಟು ಬಾಳೆಹಣ್ಣಾದರೆ ಒಂದು ಹಣ್ಣಿನ ಬೆಲೆ ಎಷ್ಟು? ಮಕ್ಕಳು ತಲೆ ತಗ್ಗಿಸಿ ಏಳನ್ನು ಎಂಟರಿಂದ ಭಾಗಿಸತೊಡಗಿದರು. 0.8, 0.87, 0.875 ಎಂದು ಉತ್ತರ ಮೂರು ಸ್ಥಾನಗಳವರೆಗೆ ಇಳಿಯಬೇಕು. ಒಬ್ಬ ಹುಡುಗ ಮಾತ್ರ ಭಾಗಾಕಾರವನ್ನೇ ಮಾಡದೆ, "14 ಅಣಾ" ಎಂದು ಬರೆದು ಕೈಕಟ್ಟಿ ಕುಳಿತಿದ್ದ. ನಾವು ಕೆಂಪು ಶಾಯಿಯಿಂದ ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆವು. ಅಷ್ಟೇ ಆಗಿದ್ದರೆ ಮರೆಯಬಹುದಿತ್ತು. "ಇದು ಯಾವ ಕಾಲದ ಲೆಕ್ಕವಪ್ಪಾ?" ಎಂದು ತರಗತಿಯ ಮುಂದೆ ಗಟ್ಟಿಯಾಗಿ ಕೇಳಿದೆವು. ಮಕ್ಕಳು ನಕ್ಕರು. ಹುಡುಗನ ಮುಖ ಸಣ್ಣದಾಯಿತು. "ಅಜ್ಜಿ ಹೇಳಿಕೊಟ್ಟದ್ದು" ಎಂದ.

ಮರುದಿನ ಬೆಳಿಗ್ಗೆ ಆ ಅಜ್ಜಿಯೇ ಶಾಲೆಗೆ ಬಂದರು. ಚಿನ್ನಮನೂರಿನ ಸಂತೆಯಲ್ಲಿ ಬುಟ್ಟಿಯಿಟ್ಟುಕೊಂಡು ಹಣ್ಣು ಮಾರುವವರು. ಕೋಪವೇನೂ ಇರಲಿಲ್ಲ. ಬುಟ್ಟಿಯನ್ನು ಜಗಲಿಯ ಮೇಲೆ ಇಳಿಸಿ, "ವಾದ್ಯಾರೇ, ಏಳು ರೂಪಾಯಿ ಅಂದರೆ ನೂರ ಹನ್ನೆರಡಾಣೆ. ಎಂಟು ಪಾಲು ಹಾಕಿದರೆ ಹದಿನಾಲ್ಕಾಣೆ. ಒಂದು ಕಾಸೂ ಮಿಗುವುದಿಲ್ಲ. ಮೊಮ್ಮಗ ಬರೆದ ಲೆಕ್ಕ ತಪ್ಪಾ, ಬರೆದ ಮಾತು ತಪ್ಪಾ?" ಎಂದು ಕೇಳಿದರು. ಆಣೆಯನ್ನು ಸರ್ಕಾರ ಎಂದೋ ತೆಗೆದುಹಾಕಿದೆಯೆಂದು ನಾವು ಏನೋ ಒಂದು ಹೇಳಿದೆವು. ಅದು ಅವರ ಪ್ರಶ್ನೆಗೆ ಉತ್ತರವಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವರು ಬುಟ್ಟಿಯನ್ನೆತ್ತಿಕೊಂಡು ಸಂತೆಗೆ ಹೋದರು. ಆ ಹುಡುಗ ಮುಂದೆಂದೂ ಅಜ್ಜಿಯ ಲೆಕ್ಕವನ್ನು ನಮ್ಮೆದುರು ಹೇಳಲಿಲ್ಲ.

ಈಗ ಉತ್ತರಕ್ಕೆ ಬರೋಣ. ಸಂಖ್ಯೆ ಎಂಬುದೊಂದು, ಅದನ್ನು ಬರೆಯುವ ಅಂಕಿ ಎಂಬುದು ಮತ್ತೊಂದು. ಇವೆರಡನ್ನೂ ಒಂದೇ ಎಂದು ನಾವು ಚಿಕ್ಕಂದಿನಿಂದ ಭಾವಿಸಿಕೊಂಡು ಬಂದಿರುವುದರಿಂದಲೇ ತೊಡಕು. ನಿಮ್ಮ ಮನೆಯ ಬುಟ್ಟಿಯಲ್ಲಿ ಮೂವತ್ತು ಬಾಳೆಹಣ್ಣುಗಳಿವೆಯೆನ್ನಿ. ಹತ್ತುಹತ್ತಾಗಿ ಕಟ್ಟಿದರೆ ಮೂರು ಕಟ್ಟು, ಬಿಡಿ ಏನೂ ಇಲ್ಲ. ಆದ್ದರಿಂದ 30 ಎಂದು ಬರೆಯುತ್ತೇವೆ. ಡಜನ್ ಲೆಕ್ಕದಲ್ಲಿ ಕಟ್ಟಿದರೆ ಎರಡು ಡಜನ್, ಬಿಡಿ ಆರು, ಆಗ 2-6. ಹದಿನಾರರಂತೆ ಕಟ್ಟಿದರೆ ಒಂದು ಕಟ್ಟು, ಬಿಡಿ ಹದಿನಾಲ್ಕು, ಆಗ 1-14. ಐದರಂತೆ ಕಟ್ಟಿ, ಐದು ಕಟ್ಟುಗಳನ್ನು ಸೇರಿಸಿ ಒಂದು ದೊಡ್ಡ ಕಟ್ಟು ಮಾಡಿದರೆ, ದೊಡ್ಡದು ಒಂದು, ಚಿಕ್ಕದು ಒಂದು, ಬಿಡಿ ಇಲ್ಲ, ಆಗ 1-1-0. ಎರಡರಂತೆ ಕಟ್ಟುತ್ತ ಹೋದರೆ 1-1-1-1-0. ಬುಟ್ಟಿಯಲ್ಲಿರುವ ಹಣ್ಣು ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಕಟ್ಟು ಎಷ್ಟರದೆಂಬುದಕ್ಕೆ ಗಣಿತದಲ್ಲಿ 'ಆಧಾರ' ಎಂದು ಹೆಸರು. 10 ಎಂದು ಬರೆದರೆ ಅದರ ಅರ್ಥ "ಒಂದು ತುಂಬಿದ ಕಟ್ಟು, ಬಿಡಿ ಏನೂ ಇಲ್ಲ" ಎಂದಷ್ಟೆ. ಹತ್ತರ ಕಟ್ಟಾದರೆ ಅದು ಹತ್ತು, ಡಜನ್ ಕಟ್ಟಾದರೆ ಹನ್ನೆರಡು, ಎರಡರ ಕಟ್ಟಾದರೆ ಎರಡು. ಕಾಗದ ಬರೆದ ತಾಯಿಯವರು ಮಗಳಿಗೆ ಇದಿಷ್ಟನ್ನು ಹುಣಿಸೆಬೀಜಗಳನ್ನಿಟ್ಟು ತೋರಿಸಿದರೆ ಸಾಕು.

ಈ ಬಗೆಯ ಬೇರೆ ಬೇರೆ ಕಟ್ಟುಗಳು ನಮ್ಮ ಹಿರಿಯರಿಗೆ ಹೊಸವಾಗಿರಲಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು ರೂಪಾಯಿಗೆ 192 ಪೈ. ಮದರಾಸು ಪ್ರಾಂತ್ಯದ ತೂಕದಲ್ಲಿ 40 ಪಲಕ್ಕೆ ಒಂದು ವೀಸೆ, 8 ವೀಸೆಗೆ ಒಂದು ಮಣ. 1957ರ ಏಪ್ರಿಲ್ 1ರಂದು ದಶಮಾನ ನಾಣ್ಯ ಬಂದು ರೂಪಾಯಿಗೆ 100 ನಯೇ ಪೈಸೆಯಾಯಿತು. ಆದರೂ ಇಪ್ಪತ್ತೈದು ಪೈಸೆಯ ನಾಣ್ಯವನ್ನು ಜನ 'ನಾಲ್ಕಾಣೆ' ಎಂದೇ ಕರೆದರು. 2011ರ ಜೂನ್ 30ಕ್ಕೆ ಆ ನಾಣ್ಯದ ಚಲಾವಣೆಯೇ ನಿಂತುಹೋಯಿತು. ಮಾತು ಅಲ್ಲಿಯವರೆಗೂ ಬದುಕಿತ್ತು.

ಹದಿನಾರನ್ನೂ ಹನ್ನೆರಡನ್ನೂ ಹಿರಿಯರು ಸುಮ್ಮನೆ ಹಿಡಿದವರಲ್ಲ. ಹದಿನಾರನ್ನು ನಾಲ್ಕು ಬಾರಿ ಅರ್ಧ ಮಾಡಬಹುದು: ಅರೆ, ಕಾಲು, ಅರೆಕಾಲು, ವೀಸ. ಹತ್ತನ್ನು ಒಂದು ಸಲ ಅರ್ಧ ಮಾಡಿದರೆ ಐದು, ಅಲ್ಲಿಗೆ ಮುಗಿಯಿತು. ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರು ಪಾಲು ಮಾಡಬಹುದು. ರೂಪಾಯಿಯನ್ನು ಮೂವರಿಗೆ ಹಂಚಬೇಕಾದರೆ ಹಳೆಯ ಲೆಕ್ಕದಲ್ಲಿ ತಲೆಗೆ ಐದಾಣೆ ನಾಲ್ಕು ಪೈ, ಚೊಕ್ಕವಾಗಿ ಮುಗಿಯಿತು. ಪೈಸೆಯಲ್ಲಾದರೆ 33.33 ಎಂದು ಮೂರರ ಸಾಲು ಮುಗಿಯುವುದೇ ಇಲ್ಲ. ನೆರೆಯ ತೆಲುಗು ಲಿಪಿಯಲ್ಲಂತೂ ಕಾಲು, ವೀಸ ಮೊದಲಾದ ಭಾಗಗಳನ್ನು ಬರೆಯುವುದಕ್ಕೆ ನಾಲ್ಕರ ಆಧಾರದ ಪ್ರತ್ಯೇಕ ಅಂಕಿಗಳೇ ಇದ್ದವು. 2008ರಲ್ಲಿ ಅವು ಕಂಪ್ಯೂಟರಿನ ಯೂನಿಕೋಡ್ ಅಕ್ಷರಪಟ್ಟಿಗೂ ಸೇರಿದವು. ಅಜ್ಜಿಯ ಲೆಕ್ಕ ಇಂತಹ ಒಂದು ದೊಡ್ಡ ವಂಶದ ಕೂಸು. ಇನ್ನು ಕಂಪ್ಯೂಟರು ಒಳಗೆ ಎಣಿಸುವುದು ಎರಡರ ಆಧಾರದಲ್ಲಿ; ಆ ಉದ್ದನೆಯ ಸಾಲನ್ನು ನಾಲ್ಕುನಾಲ್ಕಾಗಿ ಮಡಿಸಿ ಅದರ ತಜ್ಞರು ಬರೆದುಕೊಳ್ಳುವುದು ಹದಿನಾರರ ಆಧಾರದಲ್ಲಿ. ನಾವು ಯಾವುದನ್ನು 'ಯಾವ ಕಾಲದ ಲೆಕ್ಕ' ಎಂದು ನಗಿಸಿದೆವೋ ಅದರ ಕಟ್ಟನ್ನೇ ಇಂದು ಹುಡುಗರು ಕಾಲೇಜಿನಲ್ಲಿ ಕಲಿಯುತ್ತಿದ್ದಾರೆ.

ಹಾಗಾದರೆ ಆಧಾರ ಬದಲಾದಾಗ ಯಾವುದು ಬದಲಾಗುತ್ತದೆ, ಯಾವುದು ಉಳಿಯುತ್ತದೆ? ಇದೇ ನಾವು ಇಂದು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ.

ಏಳು ಬೀಜಗಳನ್ನು ಸಮಸಾಲುಗಳಾಗಿ ಜೋಡಿಸಲು ನೋಡಿ. ಒಂದೇ ಸಾಲಿನ ಹೊರತು ಬೇರೆ ದಾರಿಯಿಲ್ಲ, ಅದು ಅವಿಭಾಜ್ಯ. ಇದನ್ನು 7 ಎಂದು ಬರೆಯಿರಿ, ಐದರ ಆಧಾರದಲ್ಲಿ 1-2 ಎಂದು ಬರೆಯಿರಿ, ಎರಡರ ಆಧಾರದಲ್ಲಿ 1-1-1 ಎಂದು ಬರೆಯಿರಿ, ಬೀಜಗಳು ಸಮಸಾಲಿಗೆ ಬರುವುದಿಲ್ಲ. ಇದು ಸಂಖ್ಯೆಯ ಮೈಗುಣ. ಆದರೆ "ಕೊನೆಯ ಅಂಕಿ 2 ಆದ್ದರಿಂದ ಸಮಸಂಖ್ಯೆ" ಎಂಬ ನಮ್ಮ ಪರಿಚಿತ ಸೂತ್ರವನ್ನು ಐದರ ಆಧಾರದ 1-2ಕ್ಕೆ ಅನ್ವಯಿಸಿದರೆ ಮೋಸಹೋಗುತ್ತೇವೆ. ಅದು ಏಳು, ಬೆಸಸಂಖ್ಯೆ. ಅಲ್ಲಿ ಒಂದೊಂದು ಕಟ್ಟೂ ಬೆಸ. ಆದ್ದರಿಂದ ಎಲ್ಲ ಅಂಕಿಗಳನ್ನೂ ಕೂಡಿಸಿ ನೋಡಬೇಕು: 1 + 2 = 3, ಬೆಸ.

ಒಂಬತ್ತರ ಪರೀಕ್ಷೆಯೂ ಹಾಗೆಯೇ. ಅಂಕಿಗಳನ್ನು ಕೂಡಿಸಿದಾಗ ಬರುವ ಮೊತ್ತ ಒಂಬತ್ತರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುವುದೆಂದು ಎಲ್ಲರೂ ಬಲ್ಲರು. ಇದು ಒಂಬತ್ತಿಗೆ ಯಾರೋ ಕೊಟ್ಟ ವರವಲ್ಲ. ಹತ್ತರ ಕಟ್ಟಿನಿಂದ ಒಂಬತ್ತು ತೆಗೆದರೆ ಒಂದು ಉಳಿಯುತ್ತದೆ. ನೂರರಿಂದ 99 ತೆಗೆದರೂ ಒಂದೇ. ಪ್ರತಿ ಕಟ್ಟೂ ಒಂದೊಂದು ಬಿಡಿಯನ್ನು ಉಳಿಸುವುದರಿಂದ ಅಂಕಿಗಳನ್ನು ಕೂಡಿದರೆ ಸಾಕಾಗುತ್ತದೆ. ಎಂಟರ ಆಧಾರಕ್ಕೆ ಹೋದರೆ ಈ ಪದವಿ ಏಳಕ್ಕೆ ಸಲ್ಲುತ್ತದೆ. ಅಲ್ಲಿ 2-5 ಎಂದರೆ ಇಪ್ಪತ್ತೊಂದು; 2 + 5 = 7; ಇಪ್ಪತ್ತೊಂದು ಏಳರಿಂದ ಭಾಗವಾಗುತ್ತದೆ. ಹದಿನಾರರ ಆಧಾರದಲ್ಲಿ ಈ ಪದವಿ ಹದಿನೈದಕ್ಕೆ. ಪದವಿ ಕುರ್ಚಿಯದು, ಕುಳಿತವರದಲ್ಲ ಎನ್ನುವ ಹಾಗೆ.

ಸಂಖ್ಯೆಗಳಿಗೆ ಆಭರಣ ತೊಡಿಸಿ ನೋಡುವ ಚಪಲ ನಮ್ಮ ನಾಡಿನಲ್ಲಿ ಹಳೆಯದು. ಕನ್ನಡನಾಡನ್ನಾಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅದರಲ್ಲಿ ಬರುವ ಒಂದು ಗುಣಾಕಾರವಿದು: 152207ನ್ನು 73ರಿಂದ ಗುಣಿಸಿದರೆ 11111111, ಎಂಟು ಒಂದುಗಳ ಹಾರ. ಮಕ್ಕಳು ಇದನ್ನು ಮಾಡಿ ನೋಡಿ ಸಂತೋಷಪಡಲಿ. ಆದರೆ ಈ ಹಾರ ಹತ್ತರ ಆಧಾರದಲ್ಲಿ ಪೋಣಿಸಿದ್ದು. ಬೇರೆ ಆಧಾರಕ್ಕೆ ಹೋದರೆ ಮಣಿಗಳು ಚದುರುತ್ತವೆ. ಗುಣಲಬ್ಧ ಮಾತ್ರ ಅದೇ.

ನಮ್ಮ ತಮಿಳುನಾಡಿನಲ್ಲಿ ಹುಟ್ಟಿ ಬೆಳೆದ ಶ್ರೀನಿವಾಸ ರಾಮಾನುಜನ್ (1887–1920) ಅವರ ಹೆಸರಿನೊಡನೆ ಸೇರಿಹೋಗಿರುವ 1729ನ್ನೇ ತೆಗೆದುಕೊಳ್ಳೋಣ. ರೋಗಶಯ್ಯೆಯಲ್ಲಿದ್ದ ಅವರನ್ನು ನೋಡಲು ಬಂದ ಪ್ರೊಫೆಸರ್ ಹಾರ್ಡಿ ತಾವು ಬಂದ ಟ್ಯಾಕ್ಸಿಯ ಈ ಸಂಖ್ಯೆ ಸಪ್ಪೆಯೆಂದಾಗ, ಎರಡು ಘನಗಳ ಮೊತ್ತವಾಗಿ ಎರಡು ವಿಧದಲ್ಲಿ ಬರೆಯಬಹುದಾದ ಅತ್ಯಂತ ಚಿಕ್ಕ ಸಂಖ್ಯೆ ಅದೆಂದು ರಾಮಾನುಜನ್ ಹೇಳಿದರು. ಹನ್ನೆರಡರ ಘನ 1728, ಅದಕ್ಕೆ ಒಂದರ ಘನ 1; ಹತ್ತರ ಘನ 1000, ಅದಕ್ಕೆ ಒಂಬತ್ತರ ಘನ 729. ಇದು ಮೈಗುಣ, ಯಾವ ಆಧಾರದಲ್ಲಿ ಬರೆದರೂ ಅಳಿಯದು.

ಇದೇ 1729ಕ್ಕೆ ಇನ್ನೊಂದು ಗುಣವೂ ಇದೆ. ಅಂಕಿಗಳನ್ನು ಕೂಡಿದರೆ 1 + 7 + 2 + 9 = 19; ಮತ್ತು 19 × 91 = 1729. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಇಂತಹ ಸಂಖ್ಯೆಗೆ 'ಹರ್ಷದ' ಸಂಖ್ಯೆ, ಅಂದರೆ ಸಂತೋಷವನ್ನು ಕೊಡುವ ಸಂಖ್ಯೆ, ಎಂದು ಹೆಸರು. ಈಗ ಅದನ್ನು ಡಜನ್ ಲೆಕ್ಕಕ್ಕೆ ತನ್ನಿ. ಹನ್ನೆರಡು ಡಜನ್ ಒಂದು ಗ್ರೋಸ್, ಹನ್ನೆರಡು ಗ್ರೋಸ್ 1728. ಆದ್ದರಿಂದ 1729 ಅಲ್ಲಿ 1-0-0-1. ಅಂಕಿಗಳ ಮೊತ್ತ ಎರಡು, ಸಂಖ್ಯೆ ಬೆಸ, ಭಾಗವಾಗದು. ಹರ್ಷ ಹೋಯಿತು! ಆದರೆ ಬದಲಿಗೆ ಏನು ದೊರೆಯಿತೆಂದು ನೋಡಿ: 1-0-0-1 ಎಂದು ಬರೆದೊಡನೆ "ಹನ್ನೆರಡರ ಘನ, ಅದಕ್ಕೊಂದು ಒಂದು" ಎಂಬುದು ಕಣ್ಣಿಗೇ ಹೊಡೆಯುತ್ತದೆ. ಒಂದು ಉಡುಪು ಮುಚ್ಚಿದ್ದನ್ನು ಇನ್ನೊಂದು ಉಡುಪು ತೋರಿಸುತ್ತದೆ. ಯಾವ ಆಧಾರದಲ್ಲಿ ಬರೆದರೂ ಹರ್ಷದವಾಗಿಯೇ ಉಳಿಯುವ ಸಂಖ್ಯೆಗಳು ನಾಲ್ಕೇ ನಾಲ್ಕು: 1, 2, 4, 6.

ಹರ್ಷದ ಎಂಬ ಹೆಸರನ್ನಿಟ್ಟವರು ನಮ್ಮಂತೆಯೇ ಒಬ್ಬ ಶಾಲಾಮಾಸ್ತರರು. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ನಾಸಿಕದ ಬಳಿಯ ದೇವಳಾಲಿಯಲ್ಲಿ ಶಿಕ್ಷಕರಾಗಿ ದುಡಿದು ನಿವೃತ್ತರಾದವರು. ಅವರು ಕಂಡುಹಿಡಿದ 6174ರ ಆಟವನ್ನು 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಯಪಡಿಸಿದರು. ಪಂಡಿತರು ಬಹುಕಾಲ ಅದನ್ನು ಹಗುರವಾಗಿ ಕಂಡರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ಹೆಸರಾಯಿತು. ಆಟ ಹೀಗಿದೆ. ನಾಲ್ಕಂಕಿಯ ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ. ನಾಲ್ಕೂ ಒಂದೇ ಅಂಕಿಯಾಗಿರಬಾರದು. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದ್ದನ್ನು ಕಳೆಯಿರಿ. ಬಂದುದಕ್ಕೆ ಮತ್ತೆ ಹಾಗೆಯೇ ಮಾಡಿ. ಆಣೆ ಹೋದ ವರ್ಷ 1957ನ್ನೇ ಹಿಡಿಯೋಣ: 9751 − 1579 = 8172; 8721 − 1278 = 7443; 7443 − 3447 = 3996; 9963 − 3699 = 6264; 6642 − 2466 = 4176; 7641 − 1467 = 6174. ಇನ್ನು ಎಷ್ಟು ಸಲ ಮಾಡಿದರೂ 6174. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಈ ಮನೆಯನ್ನು ಸೇರಲೇಬೇಕು.

ಇದೇ ಆಟವನ್ನು ನಾಲ್ಕರ ಆಧಾರದಲ್ಲಿ ಆಡಿದರೆ ಕೆಲವು ಸಂಖ್ಯೆಗಳು 3-0-2-1ನ್ನು ಸೇರಿ ನಿಲ್ಲುತ್ತವೆ. ಕೆಲವಕ್ಕೆ ಆ ಭಾಗ್ಯವಿಲ್ಲ. 2-0-2-2ರಿಂದ 1-3-3-2ಕ್ಕೂ, ಅಲ್ಲಿಂದ ಮರಳಿ 2-0-2-2ಕ್ಕೂ ಎಂದೆಂದಿಗೂ ಅಲೆಯುತ್ತಿರುತ್ತವೆ. ಏಕೆಂಬುದು ಮೂರಂಕಿಯ ಆಟದಲ್ಲಿ ಸುಲಭವಾಗಿ ತಿಳಿಯುತ್ತದೆ. 352ರಿಂದ ಹೊರಡಿ: 532 − 235 = 297; ಆಮೇಲೆ 693, 594, 495; ಅಲ್ಲಿ ನಿಂತಿತು. ಬಂದ ಉತ್ತರಗಳನ್ನೆಲ್ಲ ಗಮನಿಸಿ. ನಡುವಿನ ಅಂಕಿ ಯಾವಾಗಲೂ 9. ಅಕ್ಕಪಕ್ಕದವೆರಡನ್ನು ಕೂಡಿದರೂ 9. ಬಿಡಿಯ ಮನೆಯಲ್ಲಿ ಚಿಕ್ಕದರಿಂದ ದೊಡ್ಡದನ್ನು ಕಳೆಯಬೇಕಾಗಿ, ನಡುಮನೆಯಿಂದ ಸಾಲ ತರಬೇಕಾಗುವುದರಿಂದ ಹೀಗಾಗುತ್ತದೆ. ಪಕ್ಕದ ಅಂಕಿಗಳು 2 ಮತ್ತು 7, 6 ಮತ್ತು 3, 5 ಮತ್ತು 4 ಎಂದು ಹತ್ತಿರ ಹತ್ತಿರ ಬಂದು, 4 ಮತ್ತು 5ರಲ್ಲಿ ನೆಲೆಗೊಳ್ಳುತ್ತವೆ.

ಎಂಟರ ಆಧಾರದಲ್ಲಿ ಈ ನೆಲೆ 3-7-4; ಹನ್ನೆರಡರಲ್ಲಿ 5-11-6; ಅಜ್ಜಿಯ ಹದಿನಾರರಲ್ಲಿ 7-15-8. ನಡುವೆ ಅತಿ ದೊಡ್ಡ ಅಂಕಿ, ಕೊನೆಯಲ್ಲಿ ಆಧಾರದ ಅರ್ಧ, ಮೊದಲಲ್ಲಿ ಅದಕ್ಕಿಂತ ಒಂದು ಕಡಿಮೆ. ಆಧಾರ ಸಮಸಂಖ್ಯೆಯಾಗಿದ್ದರೆ ಈ ನಿಯಮ ತಪ್ಪುವುದಿಲ್ಲ. ಆದರೆ ಐದರಂತಹ ಬೆಸ ಆಧಾರಕ್ಕೆ ಅರ್ಧವೇ ಇಲ್ಲವಲ್ಲ! ಆದ್ದರಿಂದ ಅಲ್ಲಿ ನೆಲೆಯೂ ಇಲ್ಲ. 1-4-3ರಿಂದ 2-4-2, 2-4-2ರಿಂದ ಮತ್ತೆ 1-4-3, ಹೀಗೆ ಎರಡು ಮನೆಗಳ ನಡುವೆ ತೂಗುಯ್ಯಾಲೆ. 495 ಎಂಬುದು ಹತ್ತರ ಆಧಾರ ತೊಡಿಸಿದ ಉಡುಪು. "ಸಮ ಆಧಾರಕ್ಕೆ ಒಂದು ನೆಲೆ, ಬೆಸ ಆಧಾರಕ್ಕೆ ಎರಡರ ತೂಗಾಟ" ಎಂಬುದು ಉಡುಪಿನ ಹಿಂದಿರುವ ಮೈ. ಹತ್ತರ ಆಧಾರವೊಂದನ್ನೇ ಬಲ್ಲವನಿಗೆ 495 ಒಂದು ಪವಾಡದಂತೆ ಕಾಣುತ್ತದೆ. ನಾಲ್ಕು ಆಧಾರಗಳಲ್ಲಿ ಆಡಿ ನೋಡಿದವನಿಗೆ ಕಾರಣವೇ ಗೋಚರಿಸುತ್ತದೆ. ಎರಡು ಲೆಕ್ಕ ಬಲ್ಲವರಿಗೆ, ಎರಡು ಮಾತು ಬಲ್ಲವರಿಗೆ ಇರುವ ಅನುಕೂಲ ಇದೇ.

ಇಷ್ಟನ್ನೆಲ್ಲ ಬರೆದು ನಾವು ಸಾಧಿಸಿದ್ದೇನು? ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ದೊರೆಯಿತು. ಹದಿನಾಲ್ಕಾಣೆಯೂ 0.875ವೂ ಒಂದೇ ಬೆಲೆ. ಒಂದು ಹದಿನಾರರ ಉಡುಪು, ಇನ್ನೊಂದು ಹತ್ತರ ಉಡುಪು. ಎಂಟು ಪಾಲಿನ ಆ ಲೆಕ್ಕಕ್ಕಂತೂ ಹದಿನಾರರ ಉಡುಪೇ ಹೆಚ್ಚು ಒಪ್ಪುವುದು. ಲೆಕ್ಕ ತಪ್ಪಾಗಿರಲಿಲ್ಲ, ಮಾತೂ ತಪ್ಪಾಗಿರಲಿಲ್ಲ. ತಪ್ಪಿದ್ದದ್ದು ನಮ್ಮ ಕೆಂಪು ಶಾಯಿಯಲ್ಲಿ. ಪರೀಕ್ಷೆಗೆ ಪೈಸೆಯ ಲೆಕ್ಕವನ್ನೂ ಕಲಿಯಬೇಕೆಂದು ನಾವು ಹುಡುಗನಿಗೆ ಹೇಳಬೇಕಾಗಿತ್ತು, ನಿಜ. ಆದರೆ ಮೊದಲು "ಸರಿ" ಎಂದು ಗುರುತು ಹಾಕಿ, ಅಜ್ಜಿಯ ದಾರಿಯನ್ನು ಕರಿಹಲಗೆಯ ಮೇಲೆ ಅವನಿಂದಲೇ ಬರೆಯಿಸಿ, ಆಮೇಲೆ ಹೇಳಬೇಕಾಗಿತ್ತು. ಹಾಗೆ ಮಾಡಿದ್ದರೆ ಇಡೀ ತರಗತಿ ಅಂದೇ ಆಧಾರವೆಂದರೇನೆಂದು ಕಲಿಯುತ್ತಿತ್ತು. ಅಜ್ಜಿ ಈಗಿಲ್ಲ. ಉತ್ತರ ತಡವಾಗಿ, ಈ ಪುಟದಲ್ಲಿ ಸಲ್ಲುತ್ತಿದೆ.

ನಿಮ್ಮ ಮನೆಗಳಲ್ಲಿ ವೀಸ, ಅರೆಕಾಲು, ಆಣೆ, ಪಲಗಳ ಲೆಕ್ಕ ಬಲ್ಲ ಹಿರಿಯರು ಇನ್ನೂ ಇದ್ದರೆ, ಈ ದೀಪಾವಳಿಗೋ ಪೊಂಗಲಿಗೋ ಎಲ್ಲರೂ ಸೇರಿದಾಗ ಮಕ್ಕಳನ್ನು ಅವರ ಬಳಿ ಕೂರಿಸಿ, ಒಂದು ಲೆಕ್ಕವನ್ನಾದರೂ ಬಾಯಿಂದ ಹೇಳಿಸಿರಿ. ಮಕ್ಕಳು ಅದನ್ನು ಕಾಗದದ ಮೇಲೆ ಬರೆದು ನಮಗೆ ಕಳುಹಿಸಲಿ.

ಕೊನೆಯಲ್ಲಿ ಎಂದಿನಂತೆ ಮಕ್ಕಳಿಗೊಂದು ಪ್ರಶ್ನೆ. ಹನ್ನೆರಡು ಎಂಬ ಸಂಖ್ಯೆ ಒಂದೇ ಒಂದು ಆಧಾರದ ಹೊರತು ಉಳಿದೆಲ್ಲ ಆಧಾರಗಳಲ್ಲಿಯೂ ಹರ್ಷದವಾಗಿರುತ್ತದೆ. ಹನ್ನೆರಡರ ಹರ್ಷವನ್ನು ಕಸಿದುಕೊಳ್ಳುವ ಆ ಆಧಾರ ಯಾವುದು? ಹನ್ನೆರಡು ಹುಣಿಸೆಬೀಜ, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಉತ್ತರ ಮುಂದಿನ ಸಂಚಿಕೆಯಲ್ಲಿ.